ಹ್ಯಾರಿಯೆಟ್ ಟಬ್‌ಮನ್ ಆ ಮಾತು ಹೇಳಿಲ್ಲ

ಇವತ್ತು ಮಾರ್ಚ್ 10. 1913ರಲ್ಲಿ ಇದೇ ದಿನ ಅಮೆರಿಕದ ಹ್ಯಾರಿಯೆಟ್ ಟಬ್‌ಮನ್ ತೀರಿಕೊಂಡರು. ಬೆಳಗ್ಗೆಯಿಂದ ನಮ್ಮ ಗ್ರೂಪುಗಳಲ್ಲಿ ಅವರ ಫೋಟೋ ಓಡಾಡ್ತಿದೆ. ಫೋಟೋ ಕೆಳಗೆ ಅವರ ಹೆಸರಲ್ಲಿ ಒಂದು ಮಾತು: ತಾವು ಗುಲಾಮರು ಅನ್ನೋದು ಆ ಜನಕ್ಕೆ ಗೊತ್ತಿದ್ದಿದ್ದರೆ ಇನ್ನೂ ಸಾವಿರ ಜನರನ್ನ ಬಿಡಿಸ್ತಿದ್ದೆ ಅಂತ.

ಬಂಧುಗಳೇ, ಅವರು ಆ ಮಾತು ಹೇಳಿಲ್ಲ. ಅವರ ಬದುಕಿನ ದಾಖಲೆಗಳನ್ನ ವರ್ಷಗಟ್ಟಲೆ ಹುಡುಕಿ ಬರೆದ ಇತಿಹಾಸಕಾರ್ತಿ ಕೇಟ್ ಕ್ಲಿಫರ್ಡ್ ಲಾರ್ಸನ್ ಇದು ಅವರದ್ದಲ್ಲ ಅಂತ ಸ್ಪಷ್ಟವಾಗಿ ಹೇಳಿದ್ದಾರೆ. 300 ಜನರನ್ನ ಬಿಡಿಸಿದರು, ತಲೆಗೆ 40,000 ಡಾಲರ್ ಬಹುಮಾನ ಇತ್ತು ಅನ್ನೋದೂ ಉತ್ಪ್ರೇಕ್ಷೆಯೇ.

ಈ ತಪ್ಪು ನಾನೂ ಮಾಡಿದ್ದೀನಿ. ಕೆಲವು ವರ್ಷದ ಹಿಂದೆ ಒಂದು ಕೇರಿಯ ಅಂಬೇಡ್ಕರ್ ಜಯಂತಿಯಲ್ಲಿ ಇದೇ ಮಾತು ಹೇಳಿ ಚಪ್ಪಾಳೆ ಗಿಟ್ಟಿಸಿದ್ದೆ. ಸ್ಟೇಜಿಂದ ಇಳಿದಾಗ ಒಬ್ಬ ಅಜ್ಜಿ ಕೈ ಹಿಡ್ಕೊಂಡು, "ನಮ್ಗೆ ಗೊತ್ತಿಲ್ಲ ಅಂದ್ಕೊಂಡಿದ್ದೀಯೇನಪ್ಪ? ಗೊತ್ತು ಕಣ್ ಮಗ. ಹೊಲ ಅವ್ರುದು, ಕೂಲಿ ಅವ್ರುದು. ನಾಳೆ ಕೆಲ್ಸಕ್ಕೆ ಕರೀದೆ ಹೋದ್ರೆ ಮಕ್ಳಿಗೆ ಹಿಟ್ಟು ನೀನ್ ಇಕ್ಕೀಯ?" ಅಂದ್ರು. ನನ್ನ ಹತ್ರ ಉತ್ತರ ಇರಲಿಲ್ಲ. ಆಮೇಲೇ ನಾನು ಟಬ್‌ಮನ್ ಬದುಕನ್ನ ಸರಿಯಾಗಿ ಓದಿದ್ದು.

ಅವರು ಹುಟ್ಟಿದ್ದು 1822ರ ಸುಮಾರಿಗೆ, ಮೇರಿಲ್ಯಾಂಡ್ ರಾಜ್ಯದ ಡಾರ್ಚೆಸ್ಟರ್ ಕೌಂಟಿಯಲ್ಲಿ. ಹುಟ್ಟಿದಾಗಿನ ಹೆಸರು ಅರಮಿಂಟಾ. ಅಪ್ಪ ಬೆನ್ ರಾಸ್, ಅಮ್ಮ ರಿಟ್. ಮೂವರು ಅಕ್ಕಂದಿರನ್ನ ಮಾರಿಬಿಟ್ಟಿದ್ದರು. ಕೊನೆಯ ತಮ್ಮ ಮೋಸೆಸ್‌ನನ್ನೂ ಕೊಳ್ಳೋಕೆ ಜಾರ್ಜಿಯಾದಿಂದ ಒಬ್ಬ ಬಂದಾಗ ಅಮ್ಮ ಆ ಮಗುವನ್ನ ಸುಮಾರು ಒಂದು ತಿಂಗಳು ಬಚ್ಚಿಟ್ಟರು. ಮನೆಗೆ ಮೊದಲು ಕಾಲಿಟ್ಟವನ ತಲೆ ಒಡೀತೀನಿ ಅಂತ ನಿಂತರು. ಮಾರಾಟ ನಿಂತಿತು. ಈ ತಾಯಿಗೆ ತಾನು ಗುಲಾಮಳು ಅಂತ ಗೊತ್ತಿರಲಿಲ್ವಾ?

ಹ್ಯಾರಿಯೆಟ್ ಇನ್ನೂ ಹುಡುಗಿ. ಒಬ್ಬ ಗುಲಾಮ ಹೊಲ ಬಿಟ್ಟು ಅಂಗಡಿಗೆ ಬಂದಿದ್ದ. ಅವನನ್ನ ಹಿಡ್ಕೋ ಅಂತ ಮೇಲ್ವಿಚಾರಕ ಹೇಳಿದಾಗ ಹುಡುಗಿ ಒಪ್ಪಲಿಲ್ಲ. ಓಡುತ್ತಿದ್ದವನಿಗೆ ಎಸೆದ ತಕ್ಕಡಿ ಬಟ್ಟು ಇವಳ ತಲೆಗೆ ಬಿತ್ತು. ಅಲ್ಲಿಂದ ಸಾಯೋವರೆಗೂ ಇದ್ದಕ್ಕಿದ್ದಂತೆ ಮಂಪರು ಕವಿದು ಬೀಳೋ ಕಾಯಿಲೆ.

ಮುಂದೆ ದೊಡ್ಡವರಾದ ಮೇಲೆ, ಕೂಡಿಟ್ಟ 5 ಡಾಲರ್ ಒಬ್ಬ ವಕೀಲನಿಗೆ ಕೊಟ್ಟು ಹಳೇ ಕಾಗದ ಹುಡುಕಿಸಿದರು. ಅಮ್ಮನಿಗೆ 45 ವರ್ಷವಾದಾಗ ಬಿಡುಗಡೆ ಕೊಡಬೇಕು ಅಂತ ಹಳೇ ಒಡೆಯ ಉಯಿಲಲ್ಲಿ ಬರೆದಿದ್ದ. ವಾರಸುದಾರರು ಅದನ್ನ ಮುಚ್ಚಿಹಾಕಿದ್ದರು. ಹಕ್ಕು ಇತ್ತು, ಅದು ಗೊತ್ತೂ ಆಯ್ತು. ಏನೂ ಬದಲಾಗಲಿಲ್ಲ.

1849ರಲ್ಲಿ ಇಬ್ಬರು ಸೋದರರ ಜೊತೆ ಓಡಿದರು. ಅವರು ಹೆದರಿ ವಾಪಸ್ ಬಂದರು. ಹ್ಯಾರಿಯೆಟ್ ಮತ್ತೆ ಒಬ್ಬರೇ ಹೊರಟು, ರಾತ್ರಿ ಹೊತ್ತು ನಡೆದು, ಫಿಲಡೆಲ್ಫಿಯಾ ಸೇರಿದರು. ಅಲ್ಲಿ ಅಡುಗೆ ಕೆಲಸ, ಮನೆಗೆಲಸ ಮಾಡಿ ದುಡ್ಡು ಕೂಡಿಸಿದರು. 1850ರ ಕಾನೂನು ಬಂದ ಮೇಲೆ, ಓಡಿಬಂದವರನ್ನ ಉತ್ತರದ ರಾಜ್ಯಗಳಲ್ಲೂ ಹಿಡಿದು ಒಪ್ಪಿಸಬೇಕಿತ್ತು. ಹಾಗಾಗಿ ಕೆನಡಾದವರೆಗೆ ಕರೆದೊಯ್ಯಬೇಕಾಯ್ತು. ಹತ್ತು ವರ್ಷದಲ್ಲಿ ಸುಮಾರು 13 ಸಲ ಅದೇ ಮೇರಿಲ್ಯಾಂಡಿಗೆ ತಿರುಗಿ ಹೋಗಿ ಸುಮಾರು 70 ಜನರನ್ನ ಬಿಡಿಸಿ ತಂದರು. ಚಳಿಗಾಲದ ಉದ್ದ ರಾತ್ರಿ ಆರಿಸ್ಕೊಳ್ತಿದ್ರು. ಶನಿವಾರ ಹೊರಡ್ತಿದ್ರು. ಯಾಕಂದ್ರೆ ಸೋಮವಾರದವರೆಗೂ ಒಡೆಯ ಪತ್ರಿಕೆಯಲ್ಲಿ ಜಾಹೀರಾತು ಕೊಡೋಕಾಗ್ತಿರಲಿಲ್ಲ. ಅಳೋ ಕೂಸುಗಳಿಗೆ ಅಫೀಮಿನ ಔಷಧಿ ಕೊಟ್ಟು ಮಲಗಿಸ್ತಿದ್ರು.

ಹೆದರಿ ವಾಪಸ್ ಹೋಗಿದ್ದ ಸೋದರರನ್ನ ಅವರು ಹೇಡಿಗಳು ಅಂತ ಬಿಟ್ಟುಬಿಡಲಿಲ್ಲ. 1854ರ ಕ್ರಿಸ್ಮಸ್‌ಗೆ ಅವರಿಗಾಗಿಯೇ ಬಂದರು. ಹಬ್ಬ ಮುಗಿದ ಮೇಲೆ ಅವರನ್ನ ಮಾರೋದಿತ್ತು. ಇನ್ನೊಬ್ಬ ಸೋದರ ರಾಬರ್ಟ್‌ನ ಹೆಂಡತಿಗೆ ಆವತ್ತೇ ಹೆರಿಗೆ ನೋವು. ಅವಳನ್ನ ಬಿಟ್ಟು ಬಂದ. ಎಲ್ಲರೂ ಅಪ್ಪನ ಮನೆ ಹತ್ರ ಅಡಗಿದ್ದರು. ಮಕ್ಕಳನ್ನ ನೋಡಿದ್ಯಾ ಅಂತ ಕೇಳಿದ್ರೆ ಸುಳ್ಳು ಹೇಳಬಾರದು ಅಂತ ಅಪ್ಪ ಕಣ್ಣಿಗೆ ಬಟ್ಟೆ ಕಟ್ಕೊಂಡು ಊಟ ತಂದುಕೊಟ್ಟರು, ಹಾಗೇ ಸ್ವಲ್ಪ ದೂರ ಜೊತೆಗೆ ನಡೆದರು. ಅಮ್ಮ ಹಬ್ಬದೂಟಕ್ಕೆ ಮಕ್ಕಳ ದಾರಿ ಕಾಯ್ತಾ ಕೂತಿದ್ದರು. ಕಂಡ್ರೆ ಅತ್ತು ಸದ್ದು ಮಾಡ್ತಾರೆ ಅಂತ ಮಕ್ಕಳು ಸಂದಿಯಿಂದ ನೋಡಿ, ಮಾತಾಡಿಸದೇ ಹೊರಟರು. ಅಪ್ಪ ಅಮ್ಮನನ್ನ ಕರ್ಕೊಂಡು ಬರೋಕಾಗಿದ್ದು 1857ರಲ್ಲಿ.

ತಂಗಿ ರೇಚಲ್‌ಗಾಗಿ ವರ್ಷಗಟ್ಟಲೆ ಪ್ರಯತ್ನಪಟ್ಟರು. 1860ರ ಕೊನೆಗೆ ಹೋದಾಗ ರೇಚಲ್ ಸತ್ತಿದ್ದಳು. ಅವಳ ಇಬ್ಬರು ಮಕ್ಕಳನ್ನಾದ್ರೂ ತರೋಣ ಅಂದ್ರೆ, ಲಂಚಕ್ಕೆ 30 ಡಾಲರ್ ಬೇಕಿತ್ತು. ಹ್ಯಾರಿಯೆಟ್ ಹತ್ರ ಇರಲಿಲ್ಲ. ಮಕ್ಕಳು ಅಲ್ಲೇ ಉಳಿದವು. ಆ ಮಕ್ಕಳು ಉಳಿದದ್ದು ಅರಿವಿಲ್ಲದೆ ಅಲ್ಲ, 30 ಡಾಲರ್ ಇಲ್ಲದೆ.

ಆಮೇಲೆ ಅಂತರ್ಯುದ್ಧ. 1863ರ ಜೂನ್ 2ರಂದು ಸೌತ್ ಕೆರೊಲಿನಾದ ಕಾಂಬಾಹೀ ನದಿಯಲ್ಲಿ ಒಕ್ಕೂಟ ಸೇನೆಯ ಬೋಟುಗಳು ಹೊರಟಾಗ ಮುಂದೆ ನಿಂತು ಸಹಾಯ ಮಾಡಿದವರು ಇದೇ ಹ್ಯಾರಿಯೆಟ್. ಬೋಟು ಕಂಡದ್ದೇ ತಡ, ಜನ ಹೊಲ ಬಿಟ್ಟು ಓಡಿ ಬಂದರು. ಒಬ್ಬಳ ತಲೆ ಮೇಲೆ ಒಲೆಯಿಂದ ಇಳಿಸಿದ, ಇನ್ನೂ ಹೊಗೆಯಾಡೋ ಅನ್ನದ ಗಡಿಗೆ, ಬೆನ್ನಿಗೆ ಜೋತುಬಿದ್ದ ಮಗು. ಒಂದೇ ಕಾರ್ಯಾಚರಣೆಯಲ್ಲಿ 700ಕ್ಕೂ ಹೆಚ್ಚು ಜನ ಬಿಡುಗಡೆಯಾದರು. ಯಾರೂ ಅವರಿಗೆ ಅರಿವಿನ ಭಾಷಣ ಮಾಡಿರಲಿಲ್ಲ. ಬೋಟು ಬಂದಿತ್ತು, ಅಷ್ಟೇ.

ಯುದ್ಧದಲ್ಲಿ ನರ್ಸ್, ಗೂಢಚಾರಿಣಿ ಎರಡೂ ಆಗಿ ದುಡಿದ ಇವರಿಗೆ ಸರ್ಕಾರ ಏನು ಕೊಟ್ಟಿತು? ಅರ್ಜಿ ಮೇಲೆ ಅರ್ಜಿ. 1895ರಲ್ಲಿ ತಿಂಗಳಿಗೆ 8 ಡಾಲರ್, ಅದೂ ಸೈನಿಕನ ವಿಧವೆ ಅಂತ. ನರ್ಸ್ ಕೆಲಸವನ್ನ ಲೆಕ್ಕಕ್ಕೆ ತಗೊಂಡು 20 ಡಾಲರ್ ಮಾಡಿದ್ದು 1899ರಲ್ಲಿ. ಗೂಢಚಾರಿಕೆಗೆ ಪಿಂಚಣಿ ಬರಲೇ ಇಲ್ಲ. ನಾನು ಕಚೇರಿಯಲ್ಲಿ ಫೈಲು ನೋಡೋನು. ತಮ್ಮ ಹಕ್ಕು ಏನು ಅಂತ ಚೆನ್ನಾಗಿ ಗೊತ್ತಿದ್ದವರೇ ಟೇಬಲಿಂದ ಟೇಬಲಿಗೆ ಅಲೆಯೋದನ್ನ ದಿನಾ ನೋಡ್ತೀನಿ.

ಅವರು ತೀರಿಕೊಂಡ ನಾಲ್ಕು ತಿಂಗಳಿಗೆ, 1913ರ ಜುಲೈನಲ್ಲಿ, ಅದೇ ನ್ಯೂಯಾರ್ಕ್ ರಾಜ್ಯಕ್ಕೆ ಓದೋಕೆ ಬಂದಿಳಿದವರು ಬಾಬಾಸಾಹೇಬರು. ಅವರೂ ಅಲ್ಲೇ ಉಳಿಯಲಿಲ್ಲ, ತಮ್ಮ ಜನರ ಹತ್ರ ತಿರುಗಿ ಬಂದರು.

ಆ ಸುಳ್ಳು ಮಾತಿನಿಂದ ನಮಗೆ ಅನುಕೂಲ ಇದೆ. ಕೇರಿ ಬಿಟ್ಟು ಬಂದ ನಮ್ಮಂಥವರು ತಿರುಗಿ ಹೋಗದೇ ಇರೋಕೆ, ಹೋದ್ರೂ ಬೈದು ಬರೋಕೆ ಅದು ಒಳ್ಳೇ ನೆಪ. ಈ ಏಪ್ರಿಲ್ 14ಕ್ಕೆ ಮೈಕ್ ಹಿಡಿಯೋ ಗೆಳೆಯರಲ್ಲಿ ಒಂದೇ ವಿನಂತಿ. ಆ ಮಾತು ಬಿಟ್ಟುಬಿಡಿ. ಕೆಳಗಿಳಿದು ಕೂತು, ಅಲ್ಲಿನವರಿಗೆ ಕಡಿಮೆ ಬಿದ್ದಿರೋ ಆ 30 ಡಾಲರ್ ಯಾವುದು ಅಂತ ಕೇಳಿ. ಸಂಘದ ಸಾಲವೋ, ಹಾಸ್ಟೆಲ್ ಸೀಟೋ, ಜೊತೆಗೆ ಠಾಣೆಗೆ ಬರೋ ನಾಲ್ಕು ಜನವೋ.

ಆ ಅಜ್ಜಿಗೆ ನಾನಿನ್ನೂ ಉತ್ತರ ಕೊಡಬೇಕಾಗಿದೆ.

ಜೈ ಭೀಮ್.