ಮರದ ಲೇತ್‌ನ ಸ್ಪಿಂಡಲ್ ವೇಗ

ಸ್ಪಿಂಡಲ್ ವೇಗ ಎಂದರೆ ಮರ ಕಡೆಯುವ ಲೇತ್ ಯಂತ್ರದ ಮುಖ್ಯ ದಂಡವು ಒಂದು ನಿಮಿಷದಲ್ಲಿ ತಿರುಗುವ ಸುತ್ತುಗಳ ಸಂಖ್ಯೆ. ಹಳೆಯ ಲೇತ್‌ಗಳಲ್ಲಿ ಮೋಟಾರು ಹಾಗೂ ಸ್ಪಿಂಡಲ್‌ಗಳಿಗೆ ಮೆಟ್ಟಿಲು ರಾಟೆಗಳಿದ್ದು, ಬೆಲ್ಟನ್ನು ಒಂದು ಮೆಟ್ಟಿಲಿನಿಂದ ಮತ್ತೊಂದಕ್ಕೆ ಸರಿಸಿ ವೇಗವನ್ನು ಬದಲಿಸಲಾಗುತ್ತದೆ. ವೇಗಗಳನ್ನು ನಮೂದಿಸಿದ ಫಲಕವು ಅಳಿಸಿಹೋಗಿದ್ದರೆ ಅವುಗಳನ್ನು ಲೆಕ್ಕದಿಂದ ತಿಳಿಯಬಹುದು.

ಲೆಕ್ಕಾಚಾರ

ಸ್ಪಿಂಡಲ್ ವೇಗ = ಮೋಟಾರಿನ ವೇಗ × ಮೋಟಾರಿನ ರಾಟೆಯ ವ್ಯಾಸ ÷ ಸ್ಪಿಂಡಲ್ ರಾಟೆಯ ವ್ಯಾಸ

50 ಹರ್ಟ್ಸ್ ವಿದ್ಯುತ್ತಿನಲ್ಲಿ ನಡೆಯುವ ನಾಲ್ಕು ಧ್ರುವಗಳ ಮೋಟಾರಿನ ವೇಗ ನಿಮಿಷಕ್ಕೆ ಸುಮಾರು 1440 ಸುತ್ತುಗಳು. ಎರಡೂ ರಾಟೆಗಳಲ್ಲಿ 75, 100 ಮತ್ತು 125 ಮಿ.ಮೀ. ವ್ಯಾಸದ ಮೆಟ್ಟಿಲುಗಳು ಪರಸ್ಪರ ವಿರುದ್ಧ ಕ್ರಮದಲ್ಲಿದ್ದರೆ ಕ್ರಮವಾಗಿ 864, 1440 ಮತ್ತು 2400 ಸುತ್ತುಗಳ ವೇಗ ದೊರೆಯುತ್ತದೆ. ವಿ-ಆಕಾರದ ಬೆಲ್ಟ್ ಇದ್ದಲ್ಲಿ ರಾಟೆಯ ಹೊರ ಅಂಚಿನ ವ್ಯಾಸವನ್ನಲ್ಲ, ಗಾಡಿಯೊಳಗೆ ಬೆಲ್ಟ್ ಕೂರುವ ಮಟ್ಟದ ವ್ಯಾಸವನ್ನು ಪರಿಗಣಿಸಬೇಕು.

ಸುರಕ್ಷತೆ

ವ್ಯಾಸ ಹೆಚ್ಚಿದಂತೆ ಮರದ ಅಂಚಿನ ವೇಗವೂ ಹೆಚ್ಚುತ್ತದೆ. ಮರದ ವ್ಯಾಸವನ್ನು ಅಂಗುಲಗಳಲ್ಲಿ ಅಳೆದು ಸ್ಪಿಂಡಲ್ ವೇಗದಿಂದ ಗುಣಿಸಿದರೆ ಬರುವ ಗುಣಲಬ್ಧವು 6000 ಮತ್ತು 9000ದ ನಡುವೆ ಇರಬೇಕೆಂಬುದು ರೂಢಿಯ ನಿಯಮ. ಇದರಂತೆ 12 ಅಂಗುಲದ ಬಟ್ಟಲಿಗೆ 500ರಿಂದ 750 ಸುತ್ತುಗಳು ಸಾಕು. ಮೇಲಿನ ಲೇತ್‌ನ ಕನಿಷ್ಠ ವೇಗವೂ ಅದಕ್ಕೆ ಅಧಿಕವೇ. ಸಮತೋಲನವಿಲ್ಲದ ಅಥವಾ ಬಿರುಕುಬಿಟ್ಟ ಮರವು ಅತಿವೇಗದಲ್ಲಿ ಸಿಡಿದು ಪ್ರಾಣಾಪಾಯ ಉಂಟುಮಾಡಬಲ್ಲುದು. ಆದ್ದರಿಂದ ಯಂತ್ರವನ್ನು ಚಾಲೂ ಮಾಡುವ ಮೊದಲೇ ಬೆಲ್ಟ್ ಯಾವ ಮೆಟ್ಟಿಲಿನಲ್ಲಿದೆ ಎಂಬುದನ್ನು ಪರಿಶೀಲಿಸುವುದು ಅವಶ್ಯ.