ಚಿಪ್ಪುಸುಣ್ಣವೂ ಜೇಡಿಮಣ್ಣೂ: ಪೀಣ್ಯದ ನೆಲವನ್ನು ಕುರಿತು ಒಂದು ಚಾರಿತ್ರಿಕ ವಿವೇಚನೆ

ತ್ಯಾಜ್ಯವಾದ ಚಿಪ್ಪುಗಳಿಂದ ಬಂಧಕದ್ರವ್ಯವನ್ನು ಸಿದ್ಧಪಡಿಸಿ ಜೇಡಿಮಣ್ಣನ್ನು ದೃಢಗೊಳಿಸುವ ಪ್ರಯತ್ನಗಳು ಈಚೆಗೆ ಹಲವು ದೇಶಗಳಲ್ಲಿ ನಡೆಯುತ್ತಿವೆ. ಇದು ಕೇವಲ ಇಂದಿನ ಪ್ರಯೋಗಶಾಲೆಗಳ ಕಲ್ಪನೆಯೆಂದು ಭಾವಿಸುವವರುಂಟು. ಆದರೆ ಇದರ ಮೂಲತತ್ತ್ವ ಬಹು ಹಳೆಯದು. ನಮ್ಮ ಕರಾವಳಿಗೂ ಅಪರಿಚಿತವಲ್ಲ. ಆ ಚರಿತ್ರೆಯನ್ನು ಸಂಗ್ರಹವಾಗಿ ಪರಿಶೀಲಿಸಿ, ಪೀಣ್ಯದಂತಹ ಒಳನಾಡಿನ ಕೈಗಾರಿಕಾ ಪ್ರದೇಶಕ್ಕೆ ಅದರಿಂದ ದೊರೆಯತಕ್ಕ ತಿಳಿವಳಿಕೆಯೇನೆಂಬುದನ್ನು ಇಲ್ಲಿ ವಿಚಾರಿಸುತ್ತೇವೆ.

ಚಿಪ್ಪಿನ ಬಹುಭಾಗ ಕ್ಯಾಲ್ಸಿಯಂ ಕಾರ್ಬೊನೇಟು. ಅದನ್ನು ಸುಮಾರು 900 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ ಸುಟ್ಟರೆ ಇಂಗಾಲದ ಡೈಆಕ್ಸೈಡು ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಶುದ್ಧವಾದ 100 ಕಿಲೋಗ್ರಾಂ ಕಾರ್ಬೊನೇಟಿನಿಂದ ದೊರೆಯುವ ಸುಣ್ಣ 56 ಕಿಲೋಗ್ರಾಂ. ಮಿಕ್ಕ 44 ಕಿಲೋಗ್ರಾಂ ಗಾಳಿಯ ಪಾಲು. ಈ ಸುಣ್ಣವನ್ನು ನೀರಿನಲ್ಲಿ ಅರಳಿಸಿ ಜೇಡಿಗೆ ಬೆರೆಸಿದಾಗ ಎರಡು ಕ್ರಿಯೆಗಳು ಜರುಗುತ್ತವೆ. ಮೊದಲು ಕಣಗಳು ಗುಂಪುಗೂಡಿ ಮಣ್ಣಿನ ಅಂಟು ಕಡಮೆಯಾಗುತ್ತದೆ. ಅನಂತರ ವಾರಗಟ್ಟಲೆ ಕಾಲದಲ್ಲಿ ಜೇಡಿಯ ಸಿಲಿಕ ಮತ್ತು ಅಲ್ಯುಮಿನಗಳು ಸುಣ್ಣದೊಡನೆ ಕೂಡಿ ಬಲವಾದ ಬಂಧವನ್ನುಂಟುಮಾಡುತ್ತವೆ. ಮಣ್ಣಿಗೆ ಬೇಕಾದ ಸುಣ್ಣದ ಪ್ರಮಾಣವನ್ನು ಕ್ಷಾರತೆಯ ಮೂಲಕ ಅಳೆಯುವ ಸುಲಭ ಪರೀಕ್ಷೆಯನ್ನು ಅಮೆರಿಕದ ಈಡ್ಸ್ ಮತ್ತು ಗ್ರಿಮ್ 1966ರಲ್ಲಿ ಪ್ರಕಟಿಸಿದರು. ಸುಡದ ಚಿಪ್ಪಿನ ಪುಡಿಗೆ ಈ ಶಕ್ತಿಯಿಲ್ಲ. ಅದು ಬಹುಮಟ್ಟಿಗೆ ಎಡೆ ತುಂಬುವ ವಸ್ತು ಮಾತ್ರ.

ಈ ರಸಾಯನವನ್ನರಿಯುವ ಮೊದಲೇ ಜನ ಅದರ ಫಲವನ್ನು ಕಂಡುಕೊಂಡಿದ್ದರು. ಕಡಲತಡಿಯಲ್ಲಿ ಸುಣ್ಣದ ಕಲ್ಲು ಇಲ್ಲದೆಡೆ ಚಿಪ್ಪನ್ನು ಸುಡುವ ವಿಧಾನವನ್ನು ಚೀನದ ಸೋಂಗ್ ಯಿಂಗ್‌ಸಿಂಗ್ 1637ರ ತನ್ನ ಗ್ರಂಥದಲ್ಲಿ ವರ್ಣಿಸಿದ್ದಾನೆ. ಸುಣ್ಣ, ಜೇಡಿ, ಮರಳುಗಳನ್ನು ಕೂಡಿಸಿ ಕುಟ್ಟುವ ಪದ್ಧತಿಯೂ ಆ ದೇಶದಲ್ಲಿ ರೂಢಿಯಲ್ಲಿತ್ತು. ನಮ್ಮ ಕನ್ನಡ ಕರಾವಳಿಯಲ್ಲಿ ಬಳಚು, ಮರುವಾಯಿ ಮೊದಲಾದವುಗಳ ಚಿಪ್ಪನ್ನು ಗೂಡುಗಳಲ್ಲಿ ಸುಟ್ಟು ಗಾರೆಗೂ ಗೋಡೆಗೂ ವೀಳ್ಯಕ್ಕೂ ಬಳಸುತ್ತಿದ್ದರು. ನೆರೆಯ ಕೇರಳದಲ್ಲಿ 1946ರಲ್ಲಿ ಸ್ಥಾಪಿತವಾದ ಟ್ರಾವಂಕೂರ್ ಸಿಮೆಂಟ್ಸ್ ಕಾರ್ಖಾನೆ ವೆಂಬನಾಡು ಹಿನ್ನೀರಿನ ಚಿಪ್ಪನ್ನೇ ಕಚ್ಚಾವಸ್ತುವಾಗಿ ಸ್ವೀಕರಿಸಿತು. ಒಳನಾಡಿನವರಿಗಾದರೋ ಸುಣ್ಣದ ಹರಳುಕಲ್ಲೇ ಆಧಾರ. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಕಟ್ಟೆಯಲ್ಲಿ ಸಿಮೆಂಟಿಗೆ ಬದಲಾಗಿ ಸುರ್ಕಿ ಗಾರೆಯನ್ನು ಬಳಸಿದುದು ಸುಪ್ರಸಿದ್ಧ. ಸುರ್ಕಿಯೆಂದರೆ ಸುಟ್ಟ ಜೇಡಿಯ ಪುಡಿ. ಅದು ಸುಣ್ಣದೊಡನೆ ಕೂಡಿ ಗಟ್ಟಿಯಾಗುವುದೂ ಮೇಲೆ ಹೇಳಿದ ಎರಡನೆಯ ಕ್ರಿಯೆಯಿಂದಲೇ. ಒಟ್ಟಿನಲ್ಲಿ, ಆಯಾ ಸೀಮೆಯವರು ತಮಗೆ ಹತ್ತಿರದಲ್ಲಿ ದೊರೆತ ಸುಣ್ಣವನ್ನು ಆರಿಸಿಕೊಂಡರೆಂಬುದು ಈ ಚರಿತ್ರೆಯ ಸಾರ.

ಈಗ ಪೀಣ್ಯದ ವಿಚಾರ. 1970ರ ದಶಕದಲ್ಲಿ ಬೆಳೆಯತೊಡಗಿದ ಈ ಕೈಗಾರಿಕಾ ಪ್ರದೇಶದ ಮಣ್ಣು ನೈಸ್ ಶಿಲೆಯ ಶೈಥಿಲ್ಯದಿಂದಾದ ಕೆಮ್ಮಣ್ಣು. ಅದರಲ್ಲಿ ಪ್ರಧಾನವಾದುದು ಕೆಯೊಲಿನೈಟ್ ಜೇಡಿ. ಉತ್ತರ ಕರ್ನಾಟಕದ ಎರೆಮಣ್ಣಿನಂತೆ ಅದು ನೀರಿಗೆ ಉಬ್ಬಿ ಬೇಸಗೆಯಲ್ಲಿ ಬಿರಿಯುವುದಿಲ್ಲ. ಸುಣ್ಣದ ಉಪಕಾರ ಎದ್ದು ಕಾಣುವುದು ಎರೆಯಲ್ಲಿ. ಮರಳುಗೂಡಿದ ಕೆಮ್ಮಣ್ಣಿಗೆ ಸಾಮಾನ್ಯವಾಗಿ ಸಿಮೆಂಟನ್ನೇ ಆರಿಸುತ್ತಾರೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದವರು ಮಣ್ಣಿನ ಇಟ್ಟಿಗೆಗಳ ಸಂಶೋಧನೆಯಲ್ಲಿ ಮಣ್ಣಿನ ಗುಣಕ್ಕೆ ತಕ್ಕ ಬಂಧಕವೆಂಬ ಈ ವಿವೇಚನೆಗೇ ಪ್ರಾಧಾನ್ಯವಿತ್ತರು. ಆದುದರಿಂದ ಪೀಣ್ಯದ ಎಲ್ಲ ನೆಲಕ್ಕೂ ಚಿಪ್ಪುಸುಣ್ಣವೇ ಮದ್ದೆಂದು ಹೇಳುವುದು ಸಲ್ಲದು. ಹಳೆಯ ಕೆರೆಯಂಗಳಗಳ ಮೆತ್ತನೆಯ ಜೇಡಿಯಲ್ಲಿ ಮಾತ್ರ ಅದಕ್ಕೆ ಎಡೆಯುಂಟೆಂದು ತೋರುತ್ತದೆ. ಅಲ್ಲಿಯೂ ಪರೀಕ್ಷೆಯೇ ಪ್ರಮಾಣ.

ಇನ್ನೊಂದು ಸಂಗತಿಯನ್ನು ಮರೆಯಲಾಗದು. ಅಘನಾಶಿನಿಯ ಅಳಿವೆಯಲ್ಲಿ ಬಳಚು ಹೆಕ್ಕುವುದು ಅನೇಕ ಕುಟುಂಬಗಳ ಜೀವನೋಪಾಯ. ಅಡುಗೆಮನೆಯಿಂದಲೂ ಮೀನುಮಾರುಕಟ್ಟೆಯಿಂದಲೂ ಹೊರಬೀಳುವ ಚಿಪ್ಪು ತ್ಯಾಜ್ಯವೇ ಸರಿ. ಅಳಿವೆಯ ತಳವನ್ನು ಬಗೆದು ತೆಗೆದ ಚಿಪ್ಪಿಗೆ ಆ ಹೆಸರು ಒಪ್ಪದು. ಘಟ್ಟದ ಕೆಳಗಿನಿಂದ ಬೆಂಗಳೂರಿಗೆ ಸಾಗಿಸುವ ವೆಚ್ಚವನ್ನೂ ಸುಡುವ ಸೌದೆಯನ್ನೂ ಲೆಕ್ಕಕ್ಕೆ ತಂದರೆ, ಕರಾವಳಿಯ ಚಿಪ್ಪು ಮೊದಲು ಕರಾವಳಿಯ ರಸ್ತೆಗಳಿಗೇ ಸಲ್ಲುವುದು ನ್ಯಾಯ. ಪೀಣ್ಯಕ್ಕೆ ಅಲ್ಲಿಂದ ಬರಬೇಕಾದುದು ಚಿಪ್ಪಿನ ಮೂಟೆಯಲ್ಲ. ನೆಲವನ್ನರಿತು ಸಮೀಪದ ವಸ್ತುವನ್ನಾರಿಸುವ ಆ ಹಳೆಯ ವಿವೇಕವೆಂಬುದು ನಮ್ಮ ಅಭಿಮತ.