ಒರೆಗೆ ಹಚ್ಚಿದ ಖಡ್ಗ

ಸಂತೆಯಲ್ಲಿ ಕತ್ತಿ ಮಾರುವವನು ಅಲಗನ್ನು ಕಬ್ಬಿಣದ ಮೊಳೆಗೆ ಬಡಿದು ತೋರಿಸುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಮನೆಗೆ ಬಂದ ಮೇಲೆ ಆ ಕತ್ತಿ ಮೊಳೆ ಕಡಿಯುವುದಿಲ್ಲ. ಬಸಳೆಯ ದಂಟು ಕೊಯ್ಯುತ್ತದೆ. ಹಾಗಾದರೆ ಆ ಪರೀಕ್ಷೆ ಹೇಳಿದ್ದೇನು? ಪ್ರಶ್ನೆ ಹಳೆಯದು, ಜೀವದ ಪ್ರಶ್ನೆಯೂ ಆಗಿತ್ತು.

1786ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯು ತಾನು ಕೊಳ್ಳುವ ಖಡ್ಗಗಳನ್ನು ಯಂತ್ರಕ್ಕೆ ಕೊಟ್ಟು ಪರೀಕ್ಷಿಸಿತು. 36 ಅಂಗುಲದ ಅಲಗು ಇಪ್ಪತ್ತೊಂಬತ್ತೂವರೆ ಅಂಗುಲವಾಗುವಷ್ಟು ಬಾಗಿ, ಮುರಿಯದೆ ಮತ್ತೆ ನೆಟ್ಟಗಾಗಬೇಕು. ಬರ್ಮಿಂಗ್‌ಹ್ಯಾಮಿನ ಥಾಮಸ್ ಗಿಲ್ ಕಳುಹಿಸಿದವುಗಳಲ್ಲಿ 2,650 ತೇರ್ಗಡೆಯಾದುವು. ತಿರಸ್ಕೃತವಾದುವು ನಾಲ್ಕೇ ನಾಲ್ಕು. ಇತರ ಇಂಗ್ಲಿಷ್ ತಯಾರಕರ ಖಡ್ಗಗಳಲ್ಲಿ 1,084 ತಿರಸ್ಕೃತವಾದುವು. ಗಿಲ್ ತನ್ನ ಖಡ್ಗಗಳನ್ನು ಬೀಡುಕಬ್ಬಿಣದ ಮೇಲೂ ಬಡಿಸಿ ನೋಡುತ್ತಿದ್ದ. ರಣರಂಗದಲ್ಲಿ ಯಾರೂ ಬೀಡುಕಬ್ಬಿಣವನ್ನು ಕಡಿಯುವುದಿಲ್ಲ, ನಿಜ. ಆದರೆ ಹದ ತಪ್ಪಿದ ಉಕ್ಕು ಸಿಪಾಯಿಯ ಕೈಯಲ್ಲಿ ಮುರಿಯುವ ಮೊದಲೇ ಸಿಕ್ಕಿಬೀಳುತ್ತಿತ್ತು. ಪರೀಕ್ಷೆಯ ಪುಣ್ಯ ಅಷ್ಟು.

ಅದರ ಮಿತಿಯನ್ನು ತೋರಿಸಿದವರು ನಮ್ಮ ದೇಶದ ಸವಾರರು. ಕ್ಯಾಪ್ಟನ್ ಲೂಯಿಸ್ ನೋಲನ್ ಅಶ್ವದಳದ ಬಗ್ಗೆ 1853ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಹೈದರಾಬಾದಿನ ನಿಜಾಮನ ಕುದುರೆ ಸವಾರರ ಸಂಗತಿಯಿದೆ. ಅವರ ಖಡ್ಗಗಳ ಭಯಂಕರ ಗಾಯಗಳನ್ನು ಕಂಡು ಬೆರಗಾಗಿ ವಿಚಾರಿಸಿದರೆ, ಅಲಗುಗಳು ಬ್ರಿಟಿಷ್ ಸೇನೆಯೇ ಬೇಡವೆಂದು ಬಿಸುಟ ಹಳೆಯವು! ಸವಾರರು ಅವಕ್ಕೆ ತಮ್ಮ ಹಿಡಿ ಹಾಕಿಸಿ, ಕ್ಷೌರದ ಕತ್ತಿಯಂತೆ ಮಸೆದು, ಮರದ ಒರೆಯಲ್ಲಿಟ್ಟು, ಹೋರಾಟಕ್ಕೆ ಮಾತ್ರ ಹಿರಿಯುತ್ತಿದ್ದರು. ಬ್ರಿಟಿಷರದು ಉಕ್ಕಿನ ಒರೆ. ಎಳೆದು ಸೇರಿಸಿದಂತೆಲ್ಲ ಬಾಯಿ ಮೊಂಡಾಗುತ್ತಿತ್ತು. ಅಲಗು ಅದೇ, ಉಕ್ಕು ಅದೇ. ವ್ಯತ್ಯಾಸವಿದ್ದದ್ದು ದಿನನಿತ್ಯದ ಆರೈಕೆಯಲ್ಲಿ. ಬಗ್ಗಿಸಿ ನೋಡುವ ಯಂತ್ರಕ್ಕೆ ಅದು ಕಾಣುವುದು ಹೇಗೆ?

1885ರ ಜನವರಿಯಲ್ಲಿ ಸೂಡಾನಿನ ಅಬು ಕ್ಲಿಯಾದಲ್ಲಿ ಬ್ರಿಟಿಷ್ ಸೈನಿಕರ ಕೆಲವು ಬಯೊನೆಟ್ಟುಗಳು ಕೈಯಲ್ಲೇ ಬಾಗಿದುವು. ಬ್ರಿಟನ್ನಿನಲ್ಲಿ ಗದ್ದಲವೆದ್ದಿತು, ಆಯುಧಗಳ ಪರೀಕ್ಷೆಯೇ ಪರೀಕ್ಷೆಗೆ ಒಳಗಾಯಿತು.

ನಮ್ಮ ಕನ್ನಡದಲ್ಲಿ ಉಜ್ಜಿ ಪರೀಕ್ಷಿಸುವುದೂ ‘ಒರೆ’, ಕತ್ತಿಯ ಕೋಶವೂ ‘ಒರೆ’. ನೆರೆಯ ಮಲಯಾಳದಲ್ಲಿ ಅವು ‘ಉರ’, ‘ಉಱ’ ಎಂದು ಬೇರೆ ಬೇರೆಯಾಗಿಯೇ ಉಳಿದಿವೆ. ನನಗೆ ತೋರುವಂತೆ ಕತ್ತಿಗೆ ಎರಡು ಒರೆಗಳೂ ಬೇಕು. ಮೊದಲನೆಯದು ಅದು ಮುರಿಯದೆಂದು ಹೇಳುತ್ತದೆ. ಎರಡನೆಯದು ಅದನ್ನು ಕತ್ತಿಯಾಗಿ ಉಳಿಸುತ್ತದೆ. ಸಂತೆಯವನು ಮೊಳೆಗೆ ಬಡಿದು ತೋರಿಸಲಿ, ನೋಡೋಣ. ಆದರೆ ಮನೆಗೆ ಬರುವಾಗ ಒಂದು ಮಸೆಕಲ್ಲನ್ನೂ ಕೊಂಡು ತರೋಣ.